ಕಿಣ್ವದ ತಾಳಿಕೆ ಹೆಚ್ಚಿಸುವುದು ಹೇಗೆ: ಮೊದಲು ಅಳತೆ, ಆಮೇಲೆ ಲೈಬ್ರರಿ

ಎರಡು ಸಾವಿರ ಕ್ಲೋನ್ (ಒಂದೇ ಕೋಶದಿಂದ ಬೆಳೆದ ಬ್ಯಾಕ್ಟೀರಿಯಾ ಗುಂಪು) ಎತ್ತಿ, ತಿಂಗಳುಗಟ್ಟಲೆ ಪಿಪೆಟ್ ಹಿಡಿದು, ಕೊನೆಗೆ ಗೆದ್ದವೆಂದು ಆರಿಸಿದ ಹತ್ತು ಮ್ಯುಟಂಟ್‌ಗಳನ್ನು, ಅಂದರೆ ಬದಲಿಸಿದ ಕಿಣ್ವಗಳನ್ನು, ಶುದ್ಧೀಕರಿಸಿ ನೋಡಿದರೆ ಹತ್ತೂ ಮೂಲ ಕಿಣ್ವದಷ್ಟೇ. ಕಿಣ್ವ ಎಂಜಿನಿಯರಿಂಗ್‌ಗೆ ಕೈ ಹಾಕಿದವರು ಮತ್ತೆ ಮತ್ತೆ ಮುಗ್ಗರಿಸುವುದು ಇಲ್ಲೇ. ಡಿಎನ್‌ಎ ನಕಲು ಮಾಡುವ ಪಿಸಿಆರ್‌ನಲ್ಲಿ ತಪ್ಪಾಗುವುದು ಅಪರೂಪ. ಅಳೆಯುವ ವಿಧಾನ ಗಟ್ಟಿಯಾಗುವ ಮೊದಲೇ ಲೈಬ್ರರಿ, ಅಂದರೆ ಬದಲಿಸಿದ ಜೀನ್‌ಗಳ ಸಂಗ್ರಹ, ಕಟ್ಟಿದ್ದು ಮೂಲ ತಪ್ಪು. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಮ್ಯುಟೇಶನ್ ಮಾಡುವ ಕೆಲಸ ಐದನೇ ಹಂತದವರೆಗೂ ಬರುವುದಿಲ್ಲ.

ಉದಾಹರಣೆಗೆ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾದ, ಕೊಬ್ಬು ಒಡೆಯುವ ಲಿಪೇಸ್-ಎ ತೆಗೆದುಕೊಳ್ಳೋಣ. 181 ಅಮಿನೊ ಆಮ್ಲಗಳ, ಸುಮಾರು 19 ಕಿಲೋಡಾಲ್ಟನ್ ತೂಕದ ಪುಟ್ಟ ಕಿಣ್ವ. ಬೇರೆ ಲಿಪೇಸ್‌ಗಳಲ್ಲಿ ಸಕ್ರಿಯ ಕೇಂದ್ರವನ್ನು ಮುಚ್ಚುವ 'ಮುಚ್ಚಳ' ಇದರಲ್ಲಿಲ್ಲ, ಹಾಗಾಗಿ ಅಳತೆ ಸರಳ. ಈ. ಕೋಲಿಯಲ್ಲಿ ಚೆನ್ನಾಗಿ ಬರುತ್ತದೆ, ಸ್ಫಟಿಕ ರಚನೆ ಲಭ್ಯವಿದೆ, ಏನು ಬದಲಿಸಿದರೆ ಏನಾಗುತ್ತದೆ ಎಂಬ ಮಾಹಿತಿಯೂ ಸಾಕಷ್ಟಿದೆ. ನಿಮ್ಮ ಕಿಣ್ವ ಬೇರೆಯಾದರೂ ಹಂತಗಳ ಕ್ರಮ ಇದೇ.

## ಮೊದಲು ಕೈಗೆ ಸಿಗಬೇಕಾದವು

ಗ್ರೇಡಿಯಂಟ್ (ಸಾಲಿನಿಂದ ಸಾಲಿಗೆ ಬೇರೆ ತಾಪ) ಇರುವ ಪಿಸಿಆರ್ ಯಂತ್ರ, 405 ನ್ಯಾನೋಮೀಟರ್‌ನಲ್ಲಿ ಓದುವ ತಾಪ ನಿಯಂತ್ರಿತ ಪ್ಲೇಟ್ ರೀಡರ್, 8 ಅಥವಾ 12 ತುದಿಗಳ ಪಿಪೆಟ್, 2.2 ಮಿಲಿಲೀಟರ್‌ನ 96-ವೆಲ್ (ಗುಳಿ) ಆಳದ ಪ್ಲೇಟ್‌ಗಳು, ಪ್ಲೇಟ್ ಕೂರುವ ಸೆಂಟ್ರಿಫ್ಯೂಜ್, ಮೈನಸ್ 80 ಡಿಗ್ರಿ ಫ್ರೀಜರ್. ತಾಪದ ಚಿಕಿತ್ಸೆಗೆ ವಾಟರ್ ಬಾತ್ ಬೇಡ. ಪಿಸಿಆರ್ ಯಂತ್ರ ಎಲ್ಲ ವೆಲ್‌ಗಳನ್ನೂ ಒಂದೇ ಸಮಕ್ಕೆ ಬಿಸಿ ಮಾಡಿ ಒಂದೇ ಸಮಕ್ಕೆ ತಣಿಸುತ್ತದೆ; ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಸಾಧನವಿಲ್ಲ.

ಜೀನ್ ಬದಲಿಸಿದ ಬ್ಯಾಕ್ಟೀರಿಯಾದ ಕೆಲಸವಾದ್ದರಿಂದ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಗೆ ಮೊದಲೇ ತಿಳಿಸಿ. ಬಳಸಿದ ಪ್ಲೇಟ್‌ಗಳನ್ನು ಆಟೋಕ್ಲೇವ್ ಮಾಡದೆ ಕಸಕ್ಕೆ ಹಾಕಬೇಡಿ.

## ಹಂತ 1: ಯಾವ ತಾಳಿಕೆ ಬೇಕು ಎಂದು ತೀರ್ಮಾನಿಸಿ

'ಸ್ಥಿರತೆ' ಎಂಬ ಒಂದೇ ಮಾತಿನ ಕೆಳಗೆ ಕನಿಷ್ಠ ಮೂರು ಬೇರೆ ಗುಣಗಳು ಅಡಗಿವೆ. ಕಿಣ್ವದ ಅಣುಗಳಲ್ಲಿ ಅರ್ಧದಷ್ಟು ಬಿಚ್ಚಿಕೊಳ್ಳುವ ತಾಪ, ಅಂದರೆ ಟಿಎಂ. ನಿಗದಿತ ಹೊತ್ತು ಕಾಯಿಸಿ ತಣಿಸಿದ ಮೇಲೆ ಅರ್ಧ ಚಟುವಟಿಕೆ ಉಳಿಯುವ ತಾಪ, ಅಂದರೆ ಟಿ50. ಒಂದೇ ತಾಪದಲ್ಲಿ ಇಟ್ಟಾಗ ಚಟುವಟಿಕೆ ಅರ್ಧಕ್ಕಿಳಿಯಲು ಹಿಡಿಯುವ ಸಮಯ, ಅಂದರೆ ಅರ್ಧಾಯು. ಒಂದು ಏರಿದರೆ ಉಳಿದೆರಡೂ ಏರಲೇಬೇಕೆಂದಿಲ್ಲ.

ನಮ್ಮ ಲಿಪೇಸನ್ನೇ ನೋಡಿ. ಮೂಲ ಕಿಣ್ವದ ಟಿಎಂ ಸುಮಾರು 56 ಡಿಗ್ರಿ. ಒಂದು ಗಂಟೆ ಕಾಯಿಸಿ ಅಳೆದ ಟಿ50 ಸುಮಾರು 48 ಡಿಗ್ರಿ. ಎರಡೂ ಸರಿ, ಕೇಳಿದ ಪ್ರಶ್ನೆ ಬೇರೆ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯಲ್ಲಿ ಸಿದ್ಧವಾದ, 12 ಬದಲಾವಣೆಗಳಿರುವ '6ಬಿ' ಎಂಬ ರೂಪದ ಟಿಎಂ 78 ಡಿಗ್ರಿ. ಜರ್ಮನಿಯಲ್ಲಿ ರೀಟ್ಜ್ ಅವರ ತಂಡ ಇದೇ ಕಿಣ್ವದ ಟಿ50 ಅನ್ನು 93 ಡಿಗ್ರಿಗೆ ಒಯ್ದಿತು. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ಮೋಸ ಹೋಗುತ್ತೀರಿ. 93 ಎಂಬುದು ತಣಿಸಿದ ಮೇಲೆ ಅಳೆದದ್ದು. ಬಿಸಿಯಲ್ಲಿ ಬಿಚ್ಚಿಕೊಂಡರೂ ಉಂಡೆಗಟ್ಟದೆ, ತಣ್ಣಗಾದಾಗ ಮತ್ತೆ ಮಡಚಿಕೊಳ್ಳುವ ಕಿಣ್ವಕ್ಕೂ ಈ ಪರೀಕ್ಷೆಯಲ್ಲಿ ಪೂರ್ತಿ ಅಂಕ ಸಿಗುತ್ತದೆ. ಅದು 93 ಡಿಗ್ರಿಯಲ್ಲಿ ಕೆಲಸ ಮಾಡುತ್ತದೆ ಎಂದು ಅರ್ಥವಲ್ಲ.

ಆದ್ದರಿಂದ ನೋಟ್‌ಬುಕ್‌ನ ಮೊದಲ ಪುಟದಲ್ಲೇ ಒಂದು ವಾಕ್ಯ ಬರೆದಿಡಿ: ಯಾವ ತಾಪ, ಎಷ್ಟು ಹೊತ್ತು, ಯಾವ ಪಿಎಚ್, ಜೊತೆಗೆ ಏನೇನು ಇರುತ್ತದೆ, ಬಿಸಿಯಲ್ಲೇ ಕೆಲಸ ಮಾಡಬೇಕೋ ಅಥವಾ ಬಿಸಿಯನ್ನು ದಾಟಿ ಉಳಿದರೆ ಸಾಕೋ. ಡಿಟರ್ಜೆಂಟ್‌ಗೆ ಹೋಗುವ ಕಿಣ್ವಕ್ಕೆ ಮೊದಲನೆಯದು ಬೇಕು. ಬಿಸಿಲಲ್ಲಿ ಲಾರಿಯಲ್ಲಿ ಸಾಗಿ ಬರುವ ಡಯಾಗ್ನೋಸ್ಟಿಕ್ ಕಿಟ್‌ಗೆ ಎರಡನೆಯದು ಸಾಕು.

## ಹಂತ 2: ಅಳತೆಯ ರಸಾಯನವನ್ನು ಸರಿಪಡಿಸಿ

ಪ್ಯಾರಾ-ನೈಟ್ರೋಫಿನೈಲ್ ಬ್ಯುಟಿರೇಟ್ ಒಡೆದಾಗ ಹಳದಿ ಪ್ಯಾರಾ-ನೈಟ್ರೋಫಿನಾಲ್ ಬರುತ್ತದೆ, 405 ನ್ಯಾನೋಮೀಟರ್‌ನಲ್ಲಿ ಓದುತ್ತೇವೆ. ಕೇಳಲು ಸುಲಭ. ಆದರೆ ಹೆಚ್ಚಿನವರ ಅಂಕಿಗಳು ಕೆಡುವುದು ಈ ಸುಲಭದ ಹಂತದಲ್ಲೇ.

ಮೊದಲನೆಯದು ಪಿಎಚ್. ಪ್ಯಾರಾ-ನೈಟ್ರೋಫಿನಾಲ್‌ನ ಪಿಕೆಎ (ಅರ್ಧದಷ್ಟು ಅಣುಗಳು ಪ್ರೋಟಾನ್ ಕಳೆದುಕೊಂಡಿರುವ ಪಿಎಚ್) ಸುಮಾರು 7.1. ಹಳದಿ ಬಣ್ಣ ಬರುವುದು ಪ್ರೋಟಾನ್ ಕಳೆದುಕೊಂಡ ರೂಪಕ್ಕೆ ಮಾತ್ರ. ಪಿಎಚ್ 7.0ರಿಂದ 7.1ಕ್ಕೆ ಜಾರಿದರೂ ಓದುವ ಅಂಕಿ ಶೇ. 10ಕ್ಕಿಂತ ಹೆಚ್ಚು ಏರುತ್ತದೆ, ಕಿಣ್ವ ಒಂದಿಷ್ಟೂ ಬದಲಾಗದಿದ್ದರೂ. ಅಳತೆಯನ್ನು ಪಿಎಚ್ 8ರ ಆಸುಪಾಸಿನಲ್ಲಿಡಿ. ಬೇರೆ ಬೇರೆ ಪಿಎಚ್‌ಗಳಲ್ಲಿ ಹೋಲಿಸಲೇಬೇಕಿದ್ದರೆ 348 ನ್ಯಾನೋಮೀಟರ್‌ನಲ್ಲಿ ಓದಿ. ಅಲ್ಲಿ ಎರಡೂ ರೂಪಗಳು ಬೆಳಕನ್ನು ಸಮನಾಗಿ ಹೀರುತ್ತವೆ.

ಎರಡನೆಯದು ಬಫರ್, ಅಂದರೆ ಪಿಎಚ್ಚನ್ನು ಸ್ಥಿರವಾಗಿಡುವ ದ್ರಾವಣ. ಟ್ರಿಸ್ ಬಫರ್‌ನ ಪಿಎಚ್ ಪ್ರತಿ ಡಿಗ್ರಿ ತಾಪಕ್ಕೆ ಸುಮಾರು 0.028ರಷ್ಟು ಇಳಿಯುತ್ತದೆ. 25 ಡಿಗ್ರಿಯಲ್ಲಿ 8.0 ಇದ್ದದ್ದು 60 ಡಿಗ್ರಿಯಲ್ಲಿ 7.0ಕ್ಕೆ ಬಂದಿರುತ್ತದೆ. ಹಾಗಾದರೆ ನೀವು ಪರೀಕ್ಷಿಸಿದ್ದು ತಾಪವನ್ನೋ ಪಿಎಚ್ಚನ್ನೋ? ಕಾಯಿಸಲು ಫಾಸ್ಫೇಟ್ ಬಳಸಿ, ಅದರ ಪಿಎಚ್ ತಾಪಕ್ಕೆ ಹೆಚ್ಚುಕಡಿಮೆ ಅಲುಗುವುದಿಲ್ಲ. ಇನ್ನೊಂದು ಎಚ್ಚರಿಕೆ ಇಲ್ಲೇ ಹೇಳಬೇಕು: ಕ್ಯಾಲ್ಸಿಯಂ ಬೇಡುವ ಆಲ್ಫಾ-ಅಮೈಲೇಸ್‌ನಂಥ ಕಿಣ್ವಗಳಿಗೆ ಫಾಸ್ಫೇಟ್ ಆಗದು. ಫಾಸ್ಫೇಟ್ ಕ್ಯಾಲ್ಸಿಯಂ ಜೊತೆ ಸೇರಿ ತಳಕ್ಕಿಳಿಯುತ್ತದೆ, ಕಿಣ್ವದ ಆಸರೆಯೇ ಹೋಗುತ್ತದೆ. ಅಲ್ಲಿ ಹೆಪಿಸ್ ಬಫರ್‌ಗೆ 2ರಿಂದ 5 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ.

ಮೂರನೆಯದು ಸಬ್‌ಸ್ಟ್ರೇಟ್, ಅಂದರೆ ಕಿಣ್ವ ಒಡೆಯುವ ಬ್ಯುಟಿರೇಟ್. ಅಸಿಟೋನೈಟ್ರೈಲ್‌ನಲ್ಲಿ 50 ಮಿಲಿಮೋಲಾರ್ ಸ್ಟಾಕ್ ಮಾಡಿಡಿ. ಬಳಸುವ ಹೊತ್ತಿಗೆ 100 ಪಾಲು ಬಫರ್‌ಗೆ 1 ಪಾಲು ಸೇರಿಸಿದರೆ 0.5 ಮಿಲಿಮೋಲಾರ್ ಆಗುತ್ತದೆ. ಬೆರೆಸಿದ ಮೇಲೆ 15 ನಿಮಿಷದೊಳಗೆ ಬಳಸಿ. ಈ ಎಸ್ಟರ್ ನೀರಿನಲ್ಲಿ ತನ್ನಷ್ಟಕ್ಕೇ ಒಡೆಯುತ್ತಿರುತ್ತದೆ. ಪ್ಲೇಟ್‌ನ ಮೊದಲ ಸಾಲಿಗಿಂತ ಕೊನೆಯ ಸಾಲು ಹಳದಿಯಾಗಿ ಕಂಡರೆ ಕಾರಣ ಇದೇ. ದ್ರಾವಣ ಮಬ್ಬಾದರೆ ಸಬ್‌ಸ್ಟ್ರೇಟ್ ಕರಗಿಲ್ಲ, ಆ ಅಂಕಿಗಳನ್ನು ಬಿಟ್ಟುಬಿಡಿ.

ಓದುವ ತಾಪವೂ ಸ್ಥಿರವಾಗಿರಬೇಕು. 'ಕೋಣೆಯ ತಾಪ' ಎಂದು ಬರೆದರೆ ಸಾಲದು. ಏಪ್ರಿಲ್‌ನಲ್ಲಿ ಕಲಬುರಗಿಯ ಎಸಿ ಇಲ್ಲದ ಲ್ಯಾಬ್‌ಗೂ ಡಿಸೆಂಬರ್‌ನ ಬೆಂಗಳೂರಿನ ಲ್ಯಾಬ್‌ಗೂ 15 ಡಿಗ್ರಿ ಅಂತರ ಇರಬಹುದು, ಕಿಣ್ವದ ವೇಗ ಅಷ್ಟರಲ್ಲೇ ಎರಡರಷ್ಟಾಗಬಲ್ಲದು. ರೀಡರನ್ನು 30 ಡಿಗ್ರಿಗೆ ಹೊಂದಿಸಿ, ಸಬ್‌ಸ್ಟ್ರೇಟ್ ಬಫರನ್ನೂ ಅದೇ ತಾಪಕ್ಕೆ ತನ್ನಿ.

## ಹಂತ 3: ಮೂಲ ಕಿಣ್ವದಿಂದ ಒಂದು ಪೂರ್ತಿ ಪ್ಲೇಟ್ ತುಂಬಿ

ಇದನ್ನು ಬಿಟ್ಟವರೇ ಹೆಚ್ಚು. 96 ವೆಲ್‌ಗಳಲ್ಲೂ ಒಂದೇ ಕ್ಲೋನ್ ಬೆಳೆಸಿ ಮೊದಲಿಂದ ಕೊನೆಯವರೆಗೆ ಇಡೀ ಕೆಲಸ ಮಾಡಿ. ಎಲ್ಲ ಅಂಕಿಗಳೂ ಒಂದೇ ಬರಬೇಕು, ಬರುವುದಿಲ್ಲ. ಎಷ್ಟು ಚದುರಿವೆ ಎಂಬುದೇ ನಿಮ್ಮ ವಿಧಾನದ ಗದ್ದಲ.

ನಡಾವಳಿ ಹೀಗೆ. ಈ. ಕೋಲಿಯ ಬಿಎಲ್21 ಡಿಇ3 ತಳಿಯಲ್ಲಿ ಪೆಟ್ ಪ್ಲಾಸ್ಮಿಡ್ (ಕಿಣ್ವದ ಜೀನ್ ಹೊತ್ತ ಡಿಎನ್‌ಎ ಉಂಗುರ). ಶೇ. 1 ಗ್ಲೂಕೋಸ್ ಮತ್ತು ಆಂಟಿಬಯಾಟಿಕ್ ಇರುವ 150 ಮೈಕ್ರೊಲೀಟರ್ ಎಲ್‌ಬಿ ಮಾಧ್ಯಮದಲ್ಲಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಬೆಳೆಸಿ. ಬೆಳಿಗ್ಗೆ ಮೊದಲ ಕೆಲಸ, ಅದರಿಂದ ಶೇ. 20 ಗ್ಲಿಸರಾಲ್‌ನ ನಕಲು ಪ್ಲೇಟ್ ಮಾಡಿ ಮೈನಸ್ 80ಕ್ಕೆ ಇಡುವುದು. ಪರೀಕ್ಷೆ ಮುಗಿದ ಮೇಲೆ ಇಟ್ಟರಾಯಿತು ಎಂದುಕೊಂಡವರು ಗೆದ್ದ ಕ್ಲೋನನ್ನೇ ಕಳೆದುಕೊಳ್ಳುತ್ತಾರೆ. ನಂತರ 20 ಮೈಕ್ರೊಲೀಟರನ್ನು ಆಳದ ಪ್ಲೇಟ್‌ನ 1 ಮಿಲಿಲೀಟರ್ ಟಿಬಿ ಮಾಧ್ಯಮಕ್ಕೆ ಹಾಕಿ, 37 ಡಿಗ್ರಿಯಲ್ಲಿ ಸುಮಾರು 3 ಗಂಟೆ ಅಲುಗಾಡಿಸಿ, 25 ಡಿಗ್ರಿಗೆ ಇಳಿಸಿ, 0.2 ಮಿಲಿಮೋಲಾರ್ ಐಪಿಟಿಜಿ (ಕಿಣ್ವದ ಉತ್ಪಾದನೆ ಶುರುಮಾಡುವ ರಾಸಾಯನಿಕ) ಕೊಟ್ಟು 16 ಗಂಟೆ ಬಿಡಿ. ಮುಚ್ಚಲು ಗಾಳಿಯಾಡುವ ಸೀಲನ್ನೇ ಬಳಸಿ.

4000 ಜಿಯಲ್ಲಿ 15 ನಿಮಿಷ ತಿರುಗಿಸಿ, ಮಾಧ್ಯಮ ಚೆಲ್ಲಿ, ಕೋಶಗಳನ್ನು ಕನಿಷ್ಠ ಒಂದು ಗಂಟೆ ಹೆಪ್ಪುಗಟ್ಟಿಸಿ. 50 ಮಿಲಿಮೋಲಾರ್ ಸೋಡಿಯಂ ಫಾಸ್ಫೇಟ್ ಪಿಎಚ್ 7.5, ಮಿಲಿಲೀಟರಿಗೆ 1 ಮಿಲಿಗ್ರಾಂ ಲೈಸೋಜೈಮ್ (ಕೋಶದ ಗೋಡೆ ಒಡೆಯುವ ಕಿಣ್ವ), 10 ಮೈಕ್ರೊಗ್ರಾಂ ಡಿಎನ್‌ಏಸ್-1 (ಡಿಎನ್‌ಎ ಕತ್ತರಿಸುವ ಕಿಣ್ವ), 2 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್ ಇರುವ 300 ಮೈಕ್ರೊಲೀಟರ್ ದ್ರಾವಣದಲ್ಲಿ ಒಂದು ಗಂಟೆ ಒಡೆಯಲು ಬಿಡಿ. ಡಿಎನ್‌ಏಸ್ ಮರೆತರೆ ದ್ರಾವಣ ಲೋಳೆಯಂತಾಗುತ್ತದೆ, ಪಿಪೆಟ್ ಎಳೆಯುವ ಪ್ರಮಾಣ ವೆಲ್‌ನಿಂದ ವೆಲ್‌ಗೆ ಬದಲಾಗುತ್ತದೆ. ಮತ್ತೆ 20 ನಿಮಿಷ ತಿರುಗಿಸಿ ಮೇಲಿನ ತಿಳಿಯಿಂದ 50 ಮೈಕ್ರೊಲೀಟರಿನಂತೆ ಎರಡು ಪಿಸಿಆರ್ ಪ್ಲೇಟ್‌ಗಳಿಗೆ ಹಂಚಿ. ಒಂದು ಐಸ್ ಮೇಲೆ, ಇನ್ನೊಂದು ಯಂತ್ರಕ್ಕೆ.

20 ನಿಮಿಷ ಕಾಯಿಸಿ, 10 ನಿಮಿಷ ಐಸ್ ಮೇಲಿಟ್ಟು, ಉಂಡೆಗಟ್ಟಿದ್ದನ್ನು ತಿರುಗಿಸಿ ತೆಗೆದು, ಎರಡೂ ಪ್ಲೇಟ್‌ಗಳಿಂದ 20 ಮೈಕ್ರೊಲೀಟರ್ ಎತ್ತಿ, ಪಿಎಚ್ 8.0ರ ಬಫರ್‌ನಲ್ಲಿ ಮಾಡಿದ 180 ಮೈಕ್ರೊಲೀಟರ್ ಸಬ್‌ಸ್ಟ್ರೇಟ್ ದ್ರಾವಣಕ್ಕೆ ಸೇರಿಸಿ. 20 ಸೆಕೆಂಡಿಗೊಮ್ಮೆ 5 ನಿಮಿಷ ಓದಿ. ಒಂದೇ ಬಾರಿ ಓದಿ ಮುಗಿಸಬೇಡಿ, ಆರಂಭದ ನೇರ ಗೆರೆಯ ಇಳಿಜಾರು ಬೇಕು. ಗೆರೆ ಮೊದಲ ನಿಮಿಷದಲ್ಲೇ ಬಾಗಿದರೆ ಕಿಣ್ವ ಜಾಸ್ತಿಯಾಗಿದೆ, 10 ಅಥವಾ 50 ಪಟ್ಟು ತೆಳುವಾಗಿಸಿ. ಹೀಗೆ ಬಾಗಿದ ಗೆರೆಗಳಲ್ಲಿ ಒಳ್ಳೆಯ ಮ್ಯುಟಂಟ್‌ಗೂ ಸಾಧಾರಣ ಮ್ಯುಟಂಟ್‌ಗೂ ವ್ಯತ್ಯಾಸವೇ ಕಾಣುವುದಿಲ್ಲ.

ಈಗ ಲೆಕ್ಕ. 96 ಅಂಕಿಗಳ ಚದುರುವಿಕೆ (ಮಾನಕ ವಿಚಲನೆ) ಸರಾಸರಿಯ ಶೇ. 10ರಿಂದ 12ರ ಒಳಗಿದ್ದರೆ ಮುಂದೆ ಹೋಗಿ. ಗೆಲುವಿನ ಗೆರೆಯನ್ನು ಸರಾಸರಿಯಿಂದ ಮೂರು ವಿಚಲನೆ ಮೇಲೆ ಎಳೆಯುತ್ತೇವೆ ಅಂದುಕೊಳ್ಳಿ. ಶೇ. 10 ಚದುರುವಿಕೆಯಿದ್ದರೆ ಶೇ. 30 ಉತ್ತಮವಾದ ಮ್ಯುಟಂಟ್ ಕಣ್ಣಿಗೆ ಬೀಳುತ್ತದೆ. ಶೇ. 25 ಇದ್ದರೆ ಶೇ. 75 ಉತ್ತಮವಾದದ್ದು ಮಾತ್ರ. ಒಂದು ಬದಲಾವಣೆ ಅಷ್ಟು ದೊಡ್ಡ ಜಿಗಿತ ಕೊಡುವುದು ಅಪರೂಪ, ಹಾಗಾಗಿ ನಿಜವಾದ ಗೆಲುವುಗಳೆಲ್ಲ ಗದ್ದಲದಲ್ಲಿ ಮುಳುಗಿಹೋಗುತ್ತವೆ. ಒಳ್ಳೆಯ ಪ್ಲೇಟ್‌ನಲ್ಲೂ ಸುಳ್ಳು ಗೆಲುವು ತಪ್ಪದು: ಅದೇ ಮೂರು ವಿಚಲನೆಯ ಗೆರೆ ಇಟ್ಟರೂ 2000 ವೆಲ್‌ಗಳಲ್ಲಿ ಎರಡು ಮೂರು ಬರಿ ಅದೃಷ್ಟದಿಂದ ಗೆರೆ ದಾಟುತ್ತವೆ.

ಚದುರುವಿಕೆ ಹೆಚ್ಚಿದ್ದರೆ ಅಂಕಿಗಳನ್ನು ಪ್ಲೇಟ್‌ನ ಆಕಾರದಲ್ಲೇ ಬಣ್ಣ ಹಾಕಿ ನೋಡಿ. ಅಂಚಿನ ವೆಲ್‌ಗಳು ಮಾತ್ರ ಬೇರೆಯಾಗಿದ್ದರೆ ನೀರು ಆರಿದೆ; ತೇವವಿರುವ ಇನ್‌ಕ್ಯುಬೇಟರ್ ಬಳಸಿ ಅಥವಾ ಅಂಚನ್ನು ಖಾಲಿ ಬಿಡಿ. ಒಂದು ಅಡ್ಡಸಾಲು ಪೂರ್ತಿ ಕಡಿಮೆಯಿದ್ದರೆ ಪಿಪೆಟ್‌ನ ಒಂದು ತುದಿ ಸರಿಯಾಗಿ ಎಳೆಯುತ್ತಿಲ್ಲ. ಎಡದಿಂದ ಬಲಕ್ಕೆ ಏರುತ್ತಾ ಹೋದರೆ ಸಬ್‌ಸ್ಟ್ರೇಟ್ ಹಾಕುವಾಗ ತಡವಾಗಿದೆ. ಯಾವ ವಿನ್ಯಾಸವೂ ಇಲ್ಲದೆ ಚೆಲ್ಲಾಪಿಲ್ಲಿಯಾಗಿದ್ದರೆ ಕೋಶಗಳು ಸಮನಾಗಿ ಒಡೆದಿಲ್ಲ.

ಖಾಲಿ ಪ್ಲಾಸ್ಮಿಡ್ ಇರುವ ಕೋಶಗಳನ್ನೂ ಓದಿ. ಈ. ಕೋಲಿಯ ಸ್ವಂತ ಎಸ್ಟರೇಸ್‌ಗಳು ಬ್ಯುಟಿರೇಟನ್ನು ಒಡೆಯುತ್ತವೆ. ಈ ಹಿನ್ನೆಲೆ ಮೂಲ ಕಿಣ್ವದ ಅಂಕಿಯ ಶೇ. 5ಕ್ಕಿಂತ ಮೇಲಿದ್ದರೆ ಕಿಣ್ವದ ಉತ್ಪಾದನೆ ಸರಿಯಾಗಿಲ್ಲವೆಂದೇ ಅರ್ಥ.

## ಹಂತ 4: ಕಾಯಿಸುವ ತಾಪ ಆರಿಸಿ

ಪಿಸಿಆರ್ ಯಂತ್ರದ ಗ್ರೇಡಿಯಂಟ್‌ನಲ್ಲಿ 12 ಕಂಬಸಾಲುಗಳಿಗೆ 40ರಿಂದ 65 ಡಿಗ್ರಿವರೆಗೆ ಹಂಚಿ, ಮೂಲ ಕಿಣ್ವವನ್ನು 20 ನಿಮಿಷ ಕಾಯಿಸಿ, ಉಳಿದ ಚಟುವಟಿಕೆಯ ಗೆರೆ ಎಳೆಯಿರಿ. ಮೂಲ ಕಿಣ್ವದ ಶೇ. 20ರಿಂದ 30 ಉಳಿಯುವ ತಾಪವೇ ನಿಮ್ಮ ಸ್ಕ್ರೀನಿಂಗ್ (ಕ್ಲೋನ್‌ಗಳನ್ನು ಜರಡಿ ಹಿಡಿಯುವ) ತಾಪ. ಪೂರ್ತಿ ಸಾಯುವ ತಾಪ ಆರಿಸಿದರೆ ಒಂದೆರಡು ಡಿಗ್ರಿ ಗೆದ್ದ ಮ್ಯುಟಂಟ್‌ಗಳೂ ಸತ್ತೇ ಕಾಣುತ್ತವೆ. ಶೇ. 70 ಉಳಿಯುವಲ್ಲಿ ನಿಂತರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ.

ಪ್ರಕಟವಾದ ಟಿ50 ಅಂಕಿಯನ್ನು ನೇರವಾಗಿ ಎತ್ತಿಕೊಳ್ಳಬೇಡಿ. ಶುದ್ಧ ಕಿಣ್ವಕ್ಕೂ ಕೋಶದ ರಸಕ್ಕೂ ಬೇರೆ ಬೇರೆ ಅಂಕಿ ಬರುತ್ತದೆ. ಪ್ರೋಟೀನ್ ದಟ್ಟಣೆ ಹೆಚ್ಚಿದಂತೆ ಉಂಡೆಗಟ್ಟುವುದೂ ಹೆಚ್ಚು.

## ಹಂತ 5: ಎಲ್ಲಿ ಬದಲಿಸಬೇಕು

ಎರಡು ದಾರಿಗಳಿವೆ. ರಚನೆ ಗೊತ್ತಿಲ್ಲದಿದ್ದರೆ ಇಡೀ ಜೀನ್‌ನಲ್ಲಿ ಯಾದೃಚ್ಛಿಕ ತಪ್ಪುಗಳನ್ನು ಹಾಕುವುದು. ಗೊತ್ತಿದ್ದರೆ ಸ್ಥಾನ ಆರಿಸಿ, ಆ ಒಂದು ಸ್ಥಾನದಲ್ಲಿ ಎಲ್ಲ ಅಮಿನೊ ಆಮ್ಲಗಳನ್ನೂ ಪ್ರಯತ್ನಿಸುವುದು. ಲಿಪೇಸ್-ಎಗೆ ಎರಡನೆಯದೇ ಸರಿ ಎಂಬುದು ನಮ್ಮ ಅಭಿಪ್ರಾಯ. ಒಂದು ನ್ಯೂಕ್ಲಿಯೊಟೈಡ್ ಬದಲಾದರೆ ಸರಾಸರಿ ಆರರ ಆಸುಪಾಸು ಅಮಿನೊ ಆಮ್ಲಗಳನ್ನಷ್ಟೇ ತಲುಪಬಹುದು. ಉಳಿದ ಹದಿಮೂರು ಯಾದೃಚ್ಛಿಕ ಲೈಬ್ರರಿಯಲ್ಲಿ ಹೆಚ್ಚುಕಡಿಮೆ ಬರುವುದೇ ಇಲ್ಲ.

ಸ್ಥಾನ ಆರಿಸಲು ಬಳಕೆಯಲ್ಲಿರುವ ಸೂಚಿ ಸ್ಫಟಿಕ ರಚನೆಯ ಬಿ-ಫ್ಯಾಕ್ಟರ್. ಅದು ಹೆಚ್ಚಿದ್ದಲ್ಲಿ ಪ್ರೋಟೀನ್ ಹೆಚ್ಚು ಅಲುಗುತ್ತದೆ, ಅಲ್ಲಿಂದಲೇ ಬಿಚ್ಚಿಕೊಳ್ಳಲು ಶುರುವಾಗುವ ಸಾಧ್ಯತೆ ಇದೆ. ರೀಟ್ಜ್ ತಂಡ ಹಿಡಿದದ್ದು ಇದೇ ದಾರಿ. ಇಲ್ಲಿ ಇತ್ತೀಚೆಗೆ ಹಲವರು ಬೀಳುತ್ತಿರುವ ಹೊಂಡವೊಂದಿದೆ. ಪ್ರೋಟೀನ್ ರಚನೆ ಊಹಿಸುವ ತಂತ್ರಾಂಶ ಆಲ್ಫಾಫೋಲ್ಡ್ ಕೊಡುವ ಕಡತದಲ್ಲಿ ಬಿ-ಫ್ಯಾಕ್ಟರ್ ಇರಬೇಕಾದ ಅಂಕಣದಲ್ಲಿ ಪಿಎಲ್‌ಡಿಡಿಟಿ ಎಂಬ ವಿಶ್ವಾಸದ ಅಂಕ ಇರುತ್ತದೆ. ಅಲ್ಲಿ ದೊಡ್ಡ ಅಂಕಿ ಅಂದರೆ 'ಗಟ್ಟಿ', ಅಲುಗಾಟವಲ್ಲ. ಅದನ್ನೇ ಬಿ-ಫ್ಯಾಕ್ಟರ್ ಎಂದುಕೊಂಡು ಮೇಲಿನ ಹತ್ತು ಸ್ಥಾನ ಆರಿಸಿದರೆ ಕಿಣ್ವದ ಅತ್ಯಂತ ಬಿಗಿಯಾದ ತಿರುಳಿಗೇ ಕೊಡಲಿ ಹಾಕಿದಂತೆ. ಲೈಬ್ರರಿಯಲ್ಲಿ ಬಹುಪಾಲು ಸತ್ತ ಕ್ಲೋನ್‌ಗಳೇ ಬಂದರೆ ಮೊದಲು ಇದನ್ನೇ ಅನುಮಾನಿಸಿ.

ಸ್ಥಾನದ ಸಂಖ್ಯೆಯಲ್ಲೂ ಗೊಂದಲ ಸಾಮಾನ್ಯ. ಲಿಪೇಸ್-ಎ ಹುಟ್ಟುವಾಗ 212 ಅಮಿನೊ ಆಮ್ಲ ಉದ್ದ, ಮೊದಲ 31 ಹೊರಸಾಗುವಾಗ ಕತ್ತರಿಸಿಹೋಗುತ್ತವೆ. ಸಂಶೋಧನಾ ಲೇಖನಗಳ ಸೆರಿನ್ 77, ಆಸ್ಪಾರ್ಟೇಟ್ 133, ಹಿಸ್ಟಿಡಿನ್ 156 ಎಂಬ ಸಕ್ರಿಯ ತ್ರಿವಳಿ (ಕ್ರಿಯೆ ನಡೆಸುವ ಮೂರು ಅಮಿನೊ ಆಮ್ಲಗಳು) ಯುನಿಪ್ರಾಟ್ ದತ್ತಸಂಚಯದ ದಾಖಲೆಯಲ್ಲಿ 108, 164, 187 ಆಗಿರುತ್ತದೆ. ಹಿಸ್ ಟ್ಯಾಗ್ (ಶುದ್ಧೀಕರಣಕ್ಕೆ ಜೋಡಿಸುವ ಹಿಸ್ಟಿಡಿನ್ ತುಂಡು) ಮುಂದೆ ಸೇರಿದ್ದರೆ ಮೂರನೆಯ ಎಣಿಕೆ. ಪ್ರೈಮರ್ (ಪಿಸಿಆರ್ ಶುರುಮಾಡುವ ಡಿಎನ್‌ಎ ತುಂಡು) ಆರ್ಡರ್ ಮಾಡುವ ಮುನ್ನ ಅಕ್ಕಪಕ್ಕದ ಐದೈದು ಅಕ್ಷರಗಳನ್ನು ಓದಿ ಖಚಿತಪಡಿಸಿಕೊಳ್ಳಿ.

ಸಕ್ರಿಯ ತ್ರಿವಳಿಯನ್ನೂ ಕ್ರಿಯೆಯ ನಡುವೆ ಮೂಡುವ ಋಣ ಆವೇಶವನ್ನು ಹಿಡಿಯುವ ಆಕ್ಸಿಅಯಾನ್ ಕುಳಿಯ ಐಸೊಲ್ಯೂಸಿನ್ 12, ಮಿಥಿಯೊನಿನ್ 78 ಇವನ್ನೂ ಮುಟ್ಟಬೇಡಿ. ಆದರೆ 'ಸಕ್ರಿಯ ಕೇಂದ್ರದ ಸುತ್ತಲೂ ಬೇಡ' ಎಂಬ ನಿಯಮವನ್ನು ಕುರುಡಾಗಿ ಪಾಲಿಸಬೇಕಿಲ್ಲ. 6ಬಿ ರೂಪದಲ್ಲಿ 132, 134, 157 ಬದಲಾಗಿವೆ, ಅಂದರೆ ತ್ರಿವಳಿಯ ಪಕ್ಕದ ಮನೆಗಳೇ. ಅದೇ ಪಟ್ಟಿಯಲ್ಲಿ 114, 137, 163ರಲ್ಲಿ ಪ್ರೋಲಿನ್ ಬಂದಿದೆ: ಕುಣಿಕೆಗಳು ಬಿಗಿಯಾದವು. 17ರ ಫಿನೈಲ್‌ಅಲನಿನ್, 134ರ ಮಿಥಿಯೊನಿನ್‌ನಂಥ ನೀರೊಲ್ಲದ ಅಂಶಗಳು ಹೋಗಿ ಸೆರಿನ್, ಗ್ಲುಟಮೇಟ್ ಬಂದಿವೆ, ಒಂದಕ್ಕೊಂದು ಅಂಟಿ ಉಂಡೆಗಟ್ಟುವ ಚಾಳಿ ಕಡಿಮೆಯಾಯಿತು. ನಿಮ್ಮ ಕಿಣ್ವದಲ್ಲೂ ಈ ಎರಡನ್ನು ಮೊದಲು ಹುಡುಕಿ, ಸಡಿಲ ಕುಣಿಕೆ ಮತ್ತು ಹೊರಮೈಯ ನೀರೊಲ್ಲದ ಚುಕ್ಕೆ.

ಗಣಕದ ಮುನ್ಸೂಚನೆಗಳನ್ನು ಶೋಧಕದಂತೆ ಬಳಸಿ, ತೀರ್ಪಿನಂತೆ ಅಲ್ಲ. ಸ್ಥಿರತೆ ಲೆಕ್ಕಹಾಕುವ ಫೋಲ್ಡ್‌ಎಕ್ಸ್ ತಂತ್ರಾಂಶದಲ್ಲಿ ರಚನೆಯನ್ನು ಮೊದಲು ರಿಪೇರ್ ಆದೇಶದಿಂದ ಸರಿಪಡಿಸಿಕೊಳ್ಳದಿದ್ದರೆ ಬರುವ ಅಂಕಿಗಳಿಗೆ ಅರ್ಥವಿಲ್ಲ. ಅದರಲ್ಲಿ ಋಣ ಚಿಹ್ನೆ ಅಂದರೆ ಸ್ಥಿರ. ಬೇರೆ ಕೆಲವು ಸಾಧನಗಳಲ್ಲಿ ತಿರುಗುಮುರುಗು. ಪ್ರೋಟೀನ್ ಭಾಷಾ ಮಾದರಿಗಳ ಅಂಕ ಹೇಳುವುದು ಈ ಬದಲಾವಣೆ ಪ್ರಕೃತಿಯಲ್ಲಿ ಕಾಣಸಿಗುವಂಥದ್ದೇ ಎಂದು. ನಿಮ್ಮ 60 ಡಿಗ್ರಿಯ ಬಗ್ಗೆ ಅವಕ್ಕೆ ಏನೂ ತಿಳಿಯದು.

## ಹಂತ 6: ಲೈಬ್ರರಿ ಕಟ್ಟಿ

ಒಂದು ಸ್ಥಾನಕ್ಕೆ ಎನ್‌ಎನ್‌ಕೆ ಕೋಡಾನ್ (ಅಮಿನೊ ಆಮ್ಲ ಸೂಚಿಸುವ ಮೂರಕ್ಷರ; ಎನ್ ಅಂದರೆ ನಾಲ್ಕರಲ್ಲಿ ಯಾವುದಾದರೂ, ಕೆ ಅಂದರೆ ಜಿ ಅಥವಾ ಟಿ) ಬಳಸಿದರೆ 32 ಕೋಡಾನ್‌ಗಳಲ್ಲಿ 20 ಅಮಿನೊ ಆಮ್ಲಗಳೂ ಒಂದು ನಿಲುಗಡೆ ಕೋಡಾನ್ ಕೂಡ ಬರುತ್ತವೆ. ಶೇ. 95 ವ್ಯಾಪ್ತಿಗೆ 94 ಕ್ಲೋನ್ ಬೇಕು. ನಿಯಂತ್ರಣದ ವೆಲ್‌ಗಳೂ ಸೇರಿದಾಗ ಒಂದು ಪ್ಲೇಟ್ ದಾಟಿ ಸ್ವಲ್ಪ ಹೆಚ್ಚು. ಎರಡು ಸ್ಥಾನ ಒಟ್ಟಿಗೆ ಮಾಡಿದರೆ ಸುಮಾರು 3070 ಕ್ಲೋನ್. ಅಷ್ಟು ಎತ್ತುವ ಶಕ್ತಿ ಇಲ್ಲದಿದ್ದರೆ ಎನ್‌ಡಿಟಿ (ಡಿ ಅಂದರೆ ಎ, ಜಿ ಅಥವಾ ಟಿ) ಬಳಸಿ: 12 ಕೋಡಾನ್, 12 ಅಮಿನೊ ಆಮ್ಲ, ನಿಲುಗಡೆ ಇಲ್ಲ. ಒಂದು ಸ್ಥಾನಕ್ಕೆ 34, ಎರಡಕ್ಕೆ 430. ಆದರೆ ಎನ್‌ಡಿಟಿಯಲ್ಲಿ ಪ್ರೋಲಿನ್ ಇಲ್ಲ, ಗ್ಲುಟಮೇಟೂ ಇಲ್ಲ. ಲಿಪೇಸ್-ಎಯಲ್ಲಿ ಇವೆರಡೂ ಗೆಲುವು ತಂದಿರುವುದರಿಂದ ಇಲ್ಲಿ ಎನ್‌ಎನ್‌ಕೆಯೇ ಸೂಕ್ತ.

ಇಡೀ ಪ್ಲಾಸ್ಮಿಡ್ ಸುತ್ತುವ ಪಿಸಿಆರ್ ಮಾಡಿದ ಮೇಲೆ ಡಿಪಿಎನ್-1 ಎಂಬ ಡಿಎನ್‌ಎ ಕತ್ತರಿಸುವ ಕಿಣ್ವ ಹಾಕಿ 37 ಡಿಗ್ರಿಯಲ್ಲಿ 2 ಗಂಟೆ ಬಿಡಿ. ಇದು ಮಿಥೈಲ್ ಗುರುತಿರುವ ಹಳೆಯ ಪ್ಲಾಸ್ಮಿಡನ್ನು ಮಾತ್ರ ಕತ್ತರಿಸುತ್ತದೆ. ಪ್ಲಾಸ್ಮಿಡನ್ನು ಡ್ಯಾಮ್ ಮಿಥೈಲೇಸ್ ಇಲ್ಲದ ತಳಿಯಿಂದ ತೆಗೆದಿದ್ದರೆ ಕತ್ತರಿಯೇ ಬೀಳುವುದಿಲ್ಲ, ಲೈಬ್ರರಿ ತುಂಬ ಮೂಲ ಕಿಣ್ವವೇ.

ಸ್ಕ್ರೀನಿಂಗ್‌ಗೆ ಮುನ್ನ ಒಂದು ಅಗ್ಗದ ಪರೀಕ್ಷೆ ಖಂಡಿತ ಮಾಡಿ. ತಟ್ಟೆಯ ಕಾಲೊನಿಗಳನ್ನೆಲ್ಲ ಕೆರೆದು ಒಟ್ಟಿಗೆ ಪ್ಲಾಸ್ಮಿಡ್ ತೆಗೆದು ಒಂದೇ ಸೀಕ್ವೆನ್ಸಿಂಗ್‌ಗೆ ಕಳಿಸಿ. ಬದಲಿಸಿದ ಸ್ಥಾನದ ಮೊದಲೆರಡು ಅಕ್ಷರಗಳಲ್ಲಿ ನಾಲ್ಕು ಬಣ್ಣಗಳ ಶಿಖರಗಳು ಒಂದರ ಮೇಲೊಂದು ಕಾಣಬೇಕು, ಮೂರನೆಯದರಲ್ಲಿ ಜಿ ಮತ್ತು ಟಿ ಮಾತ್ರ. ಮೂಲ ಕೋಡಾನ್‌ನ ಶಿಖರ ಒಂದೇ ಎದ್ದು ನಿಂತಿದ್ದರೆ ಆ ಲೈಬ್ರರಿಯನ್ನು ಬಿಸಾಡಿ ಹೊಸದು ಮಾಡಿ.

ಯಾದೃಚ್ಛಿಕ ದಾರಿಯನ್ನೇ ಹಿಡಿದಿದ್ದರೆ: ಪ್ರೂಫ್‌ರೀಡಿಂಗ್ (ತಪ್ಪು ತಿದ್ದುವ ಗುಣ) ಇಲ್ಲದ ಟ್ಯಾಕ್ ಪಾಲಿಮರೇಸ್, 7 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್, ಡಿಎನ್‌ಎ ಕಟ್ಟುವ ಇಟ್ಟಿಗೆಗಳಾದ ಡಿಎಟಿಪಿ ಮತ್ತು ಡಿಜಿಟಿಪಿ ತಲಾ 0.2, ಡಿಸಿಟಿಪಿ ಮತ್ತು ಡಿಟಿಟಿಪಿ ತಲಾ 1 ಮಿಲಿಮೋಲಾರ್, 30 ಸುತ್ತು. ಮ್ಯಾಂಗನೀಸ್ ಕ್ಲೋರೈಡ್ 0.5 ಮಿಲಿಮೋಲಾರ್ ಹಾಕಿದರೆ ಸುಮಾರು ಶೇ. 0.66 ತಪ್ಪು ಬೀಳುತ್ತದೆ, 543 ಅಕ್ಷರಗಳ ಈ ಜೀನ್‌ಗೆ ಮೂರೂವರೆ. ನಮಗೆ ಒಂದೆರಡು ಸಾಕು, ಹಾಗಾಗಿ 0.1ರಿಂದ 0.2ರಲ್ಲಿ ಶುರು ಮಾಡಿ. ಮ್ಯಾಂಗನೀಸನ್ನು ದಟ್ಟ ಬಫರ್‌ಗೆ ಮೊದಲೇ ಬೆರೆಸಿಡಬೇಡಿ, ಕಂದು ಗಸಿಯಾಗುತ್ತದೆ. ಹೊಸದಾಗಿ ಕರಗಿಸಿ ಕೊನೆಗೆ ಹಾಕಿ. ಶೇ. 1 ಟ್ರೈಬ್ಯುಟಿರಿನ್ ಇರುವ ಅಗಾರ್ ತಟ್ಟೆಯಲ್ಲಿ ಹರಡಿದರೆ ಕೆಲಸ ಮಾಡುವ ಕ್ಲೋನ್‌ಗಳ ಸುತ್ತ ತಿಳಿ ವರ್ತುಲ ಮೂಡುತ್ತದೆ. ಸತ್ತವು ಶೇ. 30ರಿಂದ 50 ಇದ್ದರೆ ಹದ ಸರಿ. ಶೇ. 10ರೊಳಗಿದ್ದರೆ ತಪ್ಪುಗಳು ಸಾಲದು, ಶೇ. 70 ದಾಟಿದರೆ ಅತಿಯಾಯಿತು. ವರ್ತುಲದ ಅಗಲ ನೋಡಿ ಮಾತ್ರ ಕ್ಲೋನ್ ಆರಿಸಬೇಡಿ. ಕಾಲೊನಿ ದೊಡ್ಡದಿದ್ದರೆ ವರ್ತುಲವೂ ದೊಡ್ಡದು, ಅಷ್ಟೇ.

## ಹಂತ 7: ಸ್ಕ್ರೀನಿಂಗ್ ಮತ್ತು ಸುಳ್ಳು ಗೆಲುವುಗಳು

ಪ್ರತಿ ಪ್ಲೇಟ್‌ನಲ್ಲೂ ಮೂಲ ಕಿಣ್ವಕ್ಕೆ 6 ವೆಲ್ ಅಲ್ಲಲ್ಲಿ ಚದುರಿಸಿ ಇಡಿ, ಖಾಲಿ ಪ್ಲಾಸ್ಮಿಡ್‌ಗೆ 2, ಬರೀ ಬಫರ್‌ಗೆ 2. ಹೋಲಿಕೆ ಅದೇ ಪ್ಲೇಟ್‌ನ ಮೂಲ ಕಿಣ್ವದೊಂದಿಗೇ ಇರಲಿ, ನಿನ್ನೆಯ ಪ್ಲೇಟ್‌ನೊಂದಿಗೆ ಬೇಡ.

ಕಾಯಿಸಿದ ನಂತರದ ಅಂಕಿಯನ್ನಷ್ಟೇ ನೋಡಿದರೆ ಕಿಣ್ವ ಹೆಚ್ಚು ಉತ್ಪಾದಿಸುವ ಕ್ಲೋನ್‌ಗಳು ಗೆಲ್ಲುತ್ತವೆ. ಮೊದಲಿನದಕ್ಕೂ ನಂತರದ್ದಕ್ಕೂ ಅನುಪಾತವನ್ನಷ್ಟೇ ನೋಡಿದರೆ ಮೊದಲೇ ಸತ್ತಂತಿರುವ ಕ್ಲೋನ್‌ಗಳು ಗೆಲ್ಲುತ್ತವೆ, ಏಕೆಂದರೆ ಸಣ್ಣ ಅಂಕಿಯನ್ನು ಸಣ್ಣ ಅಂಕಿಯಿಂದ ಭಾಗಿಸಿದಾಗ ಏನು ಬೇಕಾದರೂ ಬರಬಹುದು. ಎರಡನ್ನೂ ಒಂದೇ ನಕ್ಷೆಯಲ್ಲಿ ಹಾಕಿ: ಅಡ್ಡಕ್ಕೆ ಕಾಯಿಸುವ ಮುನ್ನ, ಎತ್ತರಕ್ಕೆ ಉಳಿದ ಶೇಕಡಾ. ಮೂಲ ಕಿಣ್ವದ ಅರ್ಧಕ್ಕಿಂತ ಕಡಿಮೆ ಆರಂಭಿಕ ಚಟುವಟಿಕೆ ಇರುವವನ್ನು ಬಿಟ್ಟು ಉಳಿದವುಗಳಲ್ಲಿ ಮೇಲಿನ ಶೇ. 2ರಿಂದ 3 ಎತ್ತಿ.

ಎತ್ತಿದವುಗಳ ಪ್ಲಾಸ್ಮಿಡ್ ತೆಗೆದು, ಹೊಸ ಕೋಶಗಳಿಗೆ ಸೇರಿಸಿ, ಒಂದೊಂದನ್ನೂ 6ರಿಂದ 8 ವೆಲ್‌ಗಳಲ್ಲಿ ಮತ್ತೆ ಅಳೆಯಿರಿ. ಒಂದೇ ಕೋಶದಲ್ಲಿ ಎರಡು ಬಗೆಯ ಪ್ಲಾಸ್ಮಿಡ್ ಸೇರಿಕೊಂಡಿರುವುದೂ ತಳಿಯೇ ಬದಲಾಗಿರುವುದೂ ಇಲ್ಲಿ ಬಯಲಾಗುತ್ತದೆ. ಮೊದಲ ಸುತ್ತಿನ ಗೆಲುವುಗಳಲ್ಲಿ ಅರ್ಧಕ್ಕರ್ಧ ಇಲ್ಲಿ ಉದುರಿದರೆ ಗಾಬರಿ ಬೇಡ. ಎಲ್ಲವೂ ಉದುರಿದರೆ ಮೂರನೇ ಹಂತಕ್ಕೆ ಹಿಂದಿರುಗಿ.

## ಹಂತ 8: ಶುದ್ಧೀಕರಿಸಿ ಖಚಿತಪಡಿಸಿಕೊಳ್ಳಿ

ನಿಕೆಲ್ ಕಾಲಂನಲ್ಲಿ 20 ಮಿಲಿಮೋಲಾರ್ ಇಮಿಡಜೋಲ್‌ನಿಂದ ತೊಳೆದು 250ರಿಂದ ಇಳಿಸಿ. ನಂತರ ಡೀಸಾಲ್ಟಿಂಗ್ ಕಾಲಂನಲ್ಲಿ ಇಮಿಡಜೋಲ್ ಪೂರ್ತಿ ತೆಗೆಯಲೇಬೇಕು. ಇಮಿಡಜೋಲ್ ತಾನೇ ಪ್ಯಾರಾ-ನೈಟ್ರೋಫಿನೈಲ್ ಎಸ್ಟರ್‌ಗಳನ್ನು ಒಡೆಯುತ್ತದೆ. ಶುದ್ಧೀಕರಿಸಿದ ಮೇಲೆ ಎಲ್ಲ ಮ್ಯುಟಂಟ್‌ಗಳೂ ಕಾಯಿಸಿದರೂ ಜಗ್ಗದಂತೆ ಕಂಡರೆ, ಆ ಚಟುವಟಿಕೆ ಕಿಣ್ವದ್ದಾಗಿರದೆ ಇಮಿಡಜೋಲ್‌ನದ್ದೇ ಆಗಿರಬಹುದು.

ಟಿಎಂ ನೋಡಲು ಮಿಲಿಲೀಟರಿಗೆ 0.2 ಮಿಲಿಗ್ರಾಂ ಪ್ರೋಟೀನ್, 5 ಪಟ್ಟು ಸೈಪ್ರೊ ಆರೆಂಜ್ (ಬಿಚ್ಚಿಕೊಂಡ ಪ್ರೋಟೀನ್‌ಗೆ ಅಂಟಿ ಹೊಳೆಯುವ ಬಣ್ಣ), 25ರಿಂದ 95 ಡಿಗ್ರಿವರೆಗೆ ನಿಮಿಷಕ್ಕೆ 1 ಡಿಗ್ರಿ. ಟ್ರೈಟಾನ್‌ನಂಥ ಡಿಟರ್ಜೆಂಟ್ ಒಂದಿಷ್ಟಿದ್ದರೂ ಬಣ್ಣ ಶುರುವಿನಲ್ಲೇ ಹೊಳೆಯುತ್ತದೆ, ಗೆರೆ ಉಪಯೋಗಕ್ಕೆ ಬರುವುದಿಲ್ಲ.

ಅರ್ಧಾಯುವಿಗೆ ಒಂದೇ ತಾಪದಲ್ಲಿ 0, 5, 10, 20, 40, 60 ನಿಮಿಷಗಳಲ್ಲಿ ಮಾದರಿ ತೆಗೆದು ಉಳಿದ ಚಟುವಟಿಕೆಯ ನೈಸರ್ಗಿಕ ಲಾಗ್ ಎಳೆಯಿರಿ. ಗೆರೆ ನೇರವಾಗಿದ್ದರೆ 0.693 ಅನ್ನು ಇಳಿಜಾರಿನಿಂದ ಭಾಗಿಸಿದರೆ ಅರ್ಧಾಯು. ಗೆರೆ ಬಾಗಿದರೆ ಆ ಸೂತ್ರ ನಡೆಯದು, ಉಂಡೆಗಟ್ಟುವಿಕೆ ನಡುವೆ ಬಂದಿದೆ. ಪ್ರೋಟೀನ್ ದಟ್ಟಣೆ ಅರ್ಧಕ್ಕಿಳಿಸಿ ಮತ್ತೆ ಮಾಡಿ ನೋಡಿ.

ಚಟುವಟಿಕೆಗೆ ಕೆ-ಕ್ಯಾಟ್ (ಒಂದು ಕಿಣ್ವ ಅಣುವಿನ ಗರಿಷ್ಠ ವೇಗ) ಮತ್ತು ಕೆಎಂ (ಅರ್ಧ ವೇಗಕ್ಕೆ ಬೇಕಾದ ಸಬ್‌ಸ್ಟ್ರೇಟ್ ದಟ್ಟಣೆ) ಎರಡೂ ಬೇಕು. 0.5 ಮಿಲಿಮೋಲಾರ್‌ನ ಒಂದೇ ಅಂಕಿ ನೋಡಿ 'ವೇಗ ಹೆಚ್ಚಿತು' ಎನ್ನಬೇಡಿ. ಕೆಎಂ ಇಳಿದರೂ ಆ ಅಂಕಿ ಏರುತ್ತದೆ.

## ಹಂತ 9: ಗೆಲುವುಗಳನ್ನು ಸೇರಿಸುವುದು

ಒಂದೊಂದು ಬದಲಾವಣೆ ಒಂದೆರಡು ಡಿಗ್ರಿ ಕೊಡಬಹುದು, ದೊಡ್ಡ ಏರಿಕೆ ಬರುವುದು ಅವು ಕೂಡಿದಾಗ. ಆದರೆ ಎಲ್ಲವನ್ನೂ ಒಂದೇ ಏಟಿಗೆ ಒಂದೇ ಜೀನ್‌ಗೆ ತುಂಬಬೇಡಿ. ಎರಡು ಒಳ್ಳೆಯ ಬದಲಾವಣೆಗಳು ಪರಸ್ಪರ ಜಗಳವಾಡಿದರೆ ಯಾವುದರಿಂದ ಹಾಳಾಯಿತೆಂದು ತಿಳಿಯುವುದಿಲ್ಲ. ಒಂದು ಸ್ಥಾನದ ಅತ್ಯುತ್ತಮ ರೂಪವನ್ನೇ ಅಡಿಪಾಯವಾಗಿಟ್ಟು ಮುಂದಿನ ಸ್ಥಾನದ ಲೈಬ್ರರಿ ಕಟ್ಟಿ, ಪ್ರತಿ ಸುತ್ತಿಗೂ ಕಾಯಿಸುವ ತಾಪವನ್ನು ಹೊಸ ರೂಪದ ಶೇ. 20ರಿಂದ 30 ಉಳಿಯುವಲ್ಲಿಗೆ ಏರಿಸಿ. ಹಳೆಯ ತಾಪದಲ್ಲೇ ಉಳಿದರೆ ಎರಡನೇ ಸುತ್ತಿನಲ್ಲಿ ಎಲ್ಲವೂ ಸಮನಾಗಿ ಕಾಣುತ್ತವೆ. 'ಇನ್ನು ಸುಧಾರಣೆ ಸಾಧ್ಯವಿಲ್ಲ' ಎಂದು ಕೈಬಿಟ್ಟ ಎಷ್ಟೋ ಪ್ರಯತ್ನಗಳಲ್ಲಿ ಆದದ್ದು ಇದು.

ಸ್ಥಿರತೆ ಮತ್ತು ಚಟುವಟಿಕೆ ಎರಡೂ ಬೇಕಿದ್ದರೆ ಸ್ಥಿರತೆ ಮೊದಲು. ವೇಗ ಹೆಚ್ಚಿಸುವ ಬದಲಾವಣೆಗಳಲ್ಲಿ ಬಹಳಷ್ಟು ಸಕ್ರಿಯ ಕೇಂದ್ರವನ್ನು ಸ್ವಲ್ಪ ಸಡಿಲಿಸುತ್ತವೆ. ಮೂಲ ಕಿಣ್ವಕ್ಕೆ ಆ ನಷ್ಟ ತಡೆಯಲಾಗುವುದಿಲ್ಲ, ಕುಸಿಯುತ್ತದೆ. ಹತ್ತು ಡಿಗ್ರಿ ಹೆಚ್ಚು ತಾಳುವ ರೂಪ ಅದನ್ನು ನುಂಗಿಕೊಂಡು ನಿಲ್ಲುತ್ತದೆ.

## ಹಂತ 10: ನಿಜವಾದ ಬಳಕೆಯಲ್ಲಿ ಪರೀಕ್ಷೆ

ಒಂದನೇ ಹಂತದಲ್ಲಿ ಬರೆದ ವಾಕ್ಯಕ್ಕೆ ಹಿಂದಿರುಗಿ. ಬ್ಯುಟಿರೇಟ್ ನಾಲ್ಕು ಕಾರ್ಬನ್‌ಗಳ ಪುಟ್ಟ ಸರಪಳಿ; ಅಡುಗೆ ಎಣ್ಣೆಯ ಕೊಬ್ಬಿನಾಮ್ಲಗಳು ಮುಖ್ಯವಾಗಿ 16, 18 ಕಾರ್ಬನ್‌ಗಳವು. ಸುತ್ತು ಸುತ್ತಾಗಿ ಬ್ಯುಟಿರೇಟ್ ಮೇಲೆ ಆರಿಸಿದ ಕಿಣ್ವ ಎಣ್ಣೆಯ ಮೇಲೆ ಹಿಂದೆ ಬಿದ್ದಿರಬಹುದು. ಹಾಗಾಗಿ ಪ್ರತಿ ಸುತ್ತಿನ ಗೆದ್ದ ಎರಡು ಮೂರು ರೂಪಗಳನ್ನು ನಿಜವಾದ ಎಣ್ಣೆ, ನಿಜವಾದ ಡಿಟರ್ಜೆಂಟ್, ನಿಜವಾದ ಪಿಎಚ್‌ನಲ್ಲಿ ಓಡಿಸಿ. ಬಿಡುಗಡೆಯಾಗುವ ಕೊಬ್ಬಿನಾಮ್ಲವನ್ನು ಪಿಎಚ್ ಸ್ಥಿರವಾಗಿಡುವ ಪಿಎಚ್-ಸ್ಟ್ಯಾಟ್ ಯಂತ್ರದಲ್ಲಿ ಕ್ಷಾರ ಹನಿಸುತ್ತಾ ಅಳೆಯಬಹುದು. ಕೊನೆಯ ಸುತ್ತಿನವರೆಗೆ ಕಾದರೆ ತಪ್ಪು ದಾರಿಯಲ್ಲಿ ನಾಲ್ಕು ಸುತ್ತು ಹೋಗಿಬಿಟ್ಟಿರುತ್ತೀರಿ.

ಅಂತಿಮ ರೂಪದ ಜೀನನ್ನು ಎರಡೂ ದಿಕ್ಕಿನಿಂದ ಪೂರ್ತಿ ಸೀಕ್ವೆನ್ಸ್ ಮಾಡಿಸಿ, ಹೊಸ ಪ್ಲಾಸ್ಮಿಡ್‌ಗೆ ಮತ್ತೆ ಕ್ಲೋನ್ ಮಾಡಿ, ಎರಡು ಬೇರೆ ಫ್ರೀಜರ್‌ಗಳಲ್ಲಿ ಗ್ಲಿಸರಾಲ್ ಸ್ಟಾಕ್ ಮತ್ತು ಒಣ ಪ್ಲಾಸ್ಮಿಡ್ ಇಡಿ. ಡಬ್ಬಿಯ ಮೇಲೆ ಬದಲಾವಣೆಗಳ ಪಟ್ಟಿಯ ಜೊತೆ ಯಾವ ಎಣಿಕೆ ಬಳಸಿದ್ದೀರಿ, 181ರದ್ದೋ 212ರದ್ದೋ, ಅದನ್ನೂ ಬರೆಯಿರಿ.